ಗೋಡೆಯಾಚೆ ಗಂಟೆ ಬಾರಿಸಿದ ಮೇಷ್ಟ್ರು: ಜಗದೀಶ್ ಚಂದ್ರ ಬೋಸ್

ಸಸ್ಯಗಳಿಗೂ ಸ್ಪಂದನೆ ಇದೆ ಅಂತ ತೋರಿಸಿಕೊಟ್ಟ ವಿಜ್ಞಾನಿ ಯಾರು? ಹೈಸ್ಕೂಲಿನಲ್ಲಿ ಒಂದು ಅಂಕದ ಪ್ರಶ್ನೆ, ಉತ್ತರ ಜಗದೀಶ್ ಚಂದ್ರ ಬೋಸ್. ನಮ್ಮಲ್ಲಿ ಬಹಳ ಜನಕ್ಕೆ ಅವರ ಪರಿಚಯ ಅಲ್ಲಿಗೇ ಮುಗಿದುಹೋಗುತ್ತೆ. ಆದರೆ ಸೆನ್ಸರ್, ರಿಲೇ, ಬಜರ್ ಅಂತ ಸದಾ ಒದ್ದಾಡುವ ನಮ್ಮಂಥವರು ತಿಳಿದುಕೊಳ್ಳಬೇಕಾದ ಇನ್ನೊಬ್ಬ ಬೋಸ್ ಇದ್ದಾರೆ. ಅವರು ಎಲ್ಲವನ್ನೂ ಕೈಯಾರೆ ಮಾಡಿಕೊಂಡ ಎಲೆಕ್ಟ್ರಾನಿಕ್ಸ್ ಮನುಷ್ಯ. ಆಗ ಎಲೆಕ್ಟ್ರಾನಿಕ್ಸ್ ಅನ್ನೋ ಶಾಖೆಯೇ ಹುಟ್ಟಿರಲಿಲ್ಲ ಅನ್ನೋದು ಬೇರೆ ಮಾತು!

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಅವಿಭಜಿತ ಬಂಗಾಳದಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಬ್ರಿಟಿಷ್ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅಂಥವರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಆದರೆ ಈ ಅಪ್ಪ ಮಗನನ್ನು ಮೊದಲು ಬಂಗಾಳಿ ಶಾಲೆಗೆ ಸೇರಿಸಿದರು. ಅಕ್ಕಪಕ್ಕದಲ್ಲಿ ಕೂರುತ್ತಿದ್ದವರು ಮನೆಯ ಜವಾನನ ಮಗ, ಮೀನುಗಾರನ ಮಗ. ಗಿಡಮರ, ಪ್ರಾಣಿಪಕ್ಷಿಗಳ ಹುಚ್ಚು ಹತ್ತಿದ್ದು ಆ ಗೆಳೆಯರ ಕಥೆಗಳಿಂದಲೇ. ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಭೌತಶಾಸ್ತ್ರದ ಮೇಷ್ಟ್ರು ಸಿಕ್ಕರು. ಪಾಠವನ್ನು ಬರೀ ಬೋರ್ಡಿನ ಮೇಲೆ ಮುಗಿಸದೆ, ಎಲ್ಲರ ಎದುರು ಪ್ರಯೋಗ ಮಾಡಿ ತೋರಿಸುತ್ತಿದ್ದವರು ಅವರು. ಆ ಗುಣ ಶಿಷ್ಯನಿಗೂ ಅಂಟಿಕೊಂಡಿತು.

1880ರಲ್ಲಿ ಬೋಸ್ ಡಾಕ್ಟರ್ ಆಗೋಕೆ ಲಂಡನ್ನಿಗೆ ಹೊರಟರು. ಬಿಟ್ಟೂಬಿಡದ ಜ್ವರದಿಂದ ಆ ಓದು ಕೈಬಿಡಬೇಕಾಯಿತು. ನಂತರ ಕೇಂಬ್ರಿಡ್ಜ್ ಸೇರಿ ಲಾರ್ಡ್ ರೇಲೀ ಅವರಂಥವರ ಬಳಿ ವಿಜ್ಞಾನ ಕಲಿತು, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರಾದರು.

ನಿಜವಾದ ಪರೀಕ್ಷೆ ಶುರುವಾಗಿದ್ದು ಅಲ್ಲಿ. ಅದೇ ಕೆಲಸ ಮಾಡುವ ಯೂರೋಪಿನವರಿಗೆ ಸಿಗುವ ಸಂಬಳದಲ್ಲಿ ಭಾರತೀಯರಿಗೆ ಮೂರನೇ ಎರಡು ಪಾಲು ಮಾತ್ರ. ಬೋಸರದು ತಾತ್ಕಾಲಿಕ ನೇಮಕ ಎಂಬ ನೆಪದಲ್ಲಿ ಅದರಲ್ಲೂ ಅರ್ಧ. ಬೋಸ್ ಕೂಗಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ದಿನಾ ಕಾಲೇಜಿಗೆ ಬಂದು ಪಾಠ ಮಾಡಿದರು, ಸಂಬಳ ಮಾತ್ರ ಮುಟ್ಟಲಿಲ್ಲ. ಒಂದು ತಿಂಗಳಲ್ಲ, ಮೂರು ವರ್ಷ! ಮನೆಯಲ್ಲಿ ಹಣ ತುಂಬಿ ತುಳುಕುತ್ತಿತ್ತೇ ಅಂದ್ರೆ ಅದೂ ಇಲ್ಲ. ತಂದೆ ಹೂಡಿದ ಉದ್ಯಮಗಳು ಕೈಕೊಟ್ಟು ಸಾಲ ತಲೆ ಮೇಲೆ ಕೂತಿತ್ತು. ಕೊನೆಗೆ ಆಡಳಿತವೇ ಸೋತು, ಪೂರ್ತಿ ಸಂಬಳವನ್ನು ಹಿಂದಿನ ಬಾಕಿ ಸಮೇತ ಕೊಟ್ಟಿತು. ಆ ಹಣ ಅಪ್ಪನ ಸಾಲ ತೀರಿಸೋಕೆ ಹೋಯಿತು.

ಸಂಶೋಧನೆಗೆ ಕಾಲೇಜಿನಲ್ಲಿ ಸರಿಯಾದ ಲ್ಯಾಬೇ ಇರಲಿಲ್ಲ. ಸಿಕ್ಕಿದ್ದು ಸುಮಾರು 24 ಚದರಡಿಯ ಒಂದು ಸಣ್ಣ ಕೋಣೆ. ನಮ್ಮ ಹಾಸ್ಟೆಲಿನ ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಉಪಕರಣದ ಖರ್ಚು ಸ್ವಂತ ಜೇಬಿನಿಂದ. ನಮಗೇನೋ ಬಿಡಿಭಾಗ ಬೇಕಾದರೆ ಎಸ್.ಪಿ. ರೋಡ್ ಇದೆ, ಆನ್‌ಲೈನ್ ಆರ್ಡರ್ ಇದೆ. ಬೋಸರ ಪಾಲಿಗೆ ಇದ್ದದ್ದು ಊರಿನ ಒಬ್ಬ ತಗಡಿನ ಕೆಲಸದವ. ಅವನಿಗೆ ತಾವೇ ಹೇಳಿಕೊಟ್ಟು ಒಂದೊಂದೇ ಉಪಕರಣ ಮಾಡಿಸಿಕೊಂಡರು. 1894ರಲ್ಲಿ, 36ನೇ ಹುಟ್ಟುಹಬ್ಬದ ದಿನ, ಇನ್ನು ಮುಂದೆ ಬದುಕು ಸಂಶೋಧನೆಗೇ ಅಂತ ತೀರ್ಮಾನಿಸಿದರು.

ಹೈನ್ರಿಕ್ ಹರ್ಟ್ಸ್ ರೇಡಿಯೋ ಅಲೆಗಳು ಇವೆ ಅಂತ ಆಗಲೇ ತೋರಿಸಿದ್ದರು. ಆದರೆ ಆ ಅಲೆಗಳು ಉದ್ದ, ಹಾಗಾಗಿ ಉಪಕರಣಗಳೂ ದೊಡ್ಡವು. ಬೋಸ್ ಯೋಚಿಸಿದ್ದು ಉಲ್ಟಾ: ಅಲೆಯನ್ನೇ ಚಿಕ್ಕದು ಮಾಡಿದರೆ ಇಡೀ ಪ್ರಯೋಗ ಒಂದು ಮೇಜಿನ ಮೇಲೆ ಕೂರುತ್ತಲ್ಲ! ಲೋಹದ ಪುಟ್ಟ ಗುಂಡುಗಳ ನಡುವೆ ಕಿಡಿ ಹಾರಿಸಿ, ತರಂಗಾಂತರವನ್ನು 5 ಮಿಲಿಮೀಟರಿನವರೆಗೂ ಇಳಿಸಿದರು. ಲೆಕ್ಕ ಹಾಕಿ ನೋಡಿ, ಅದು 60 ಗಿಗಾಹರ್ಟ್ಸ್. ಅಲೆಯನ್ನು ಒಯ್ಯೋಕೆ ಲೋಹದ ಕೊಳವೆ, ಹಿಡಿಯೋಕೆ ಕಹಳೆಯಂಥ ಬಾಯಿ. ಇವತ್ತು ಮೈಕ್ರೋವೇವ್ ಲ್ಯಾಬಿನಲ್ಲಿ ನಾವು ಕನೆಕ್ಟ್ ಮಾಡುವ ವೇವ್‌ಗೈಡ್, ಹಾರ್ನ್ ಆಂಟೆನಾ ಅಂದರೆ ಇವೇ. ಪೋಲರೈಸರ್ ಬೇಕಾದಾಗ ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕದ ಹಾಳೆಗಳ ನಡುವೆ ತವರದ ತೆಳು ಹಾಳೆ ಸೇರಿಸಿ ಕೆಲಸ ಮುಗಿಸಿದರು. ಹುರಿ ಹಾಕಿದ ಸೆಣಬನ್ನು ಬಳಸಿ, ಅಲೆಯ ಕಂಪನದ ತಲ ಹೇಗೆ ತಿರುಗುತ್ತೆ ಅಂತಲೂ ನೋಡಿದರು.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜನರೆದುರು ಪ್ರದರ್ಶನ. ಬೋಸ್ ಕಳಿಸಿದ ಅಲೆ ಲೆಫ್ಟಿನೆಂಟ್ ಗವರ್ನರರ ಮೈಯನ್ನು ದಾಟಿ, ಗೋಡೆ ದಾಟಿ, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿತು, ಮದ್ದಿನಪುಡಿ ಸಿಡಿಸಿತು. ತಂತಿ ಇಲ್ಲ, ಏನೂ ಇಲ್ಲ! ನಾವು ಅಲ್ಟ್ರಾಸಾನಿಕ್ ಸೆನ್ಸರ್ ಮುಂದೆ ಕೈ ಆಡಿಸಿ ಬಜರ್ ಕೂಗಿಸ್ತೀವಲ್ಲ, ಅದರ ಬ್ಲಾಕ್ ಡಯಾಗ್ರಾಮ್ ಕೂಡ ಇದೇ: ಕಳಿಸುವುದೊಂದು, ಗ್ರಹಿಸುವುದೊಂದು, ಕೆಲಸ ಮಾಡುವುದೊಂದು. ವ್ಯತ್ಯಾಸ ಏನಪ್ಪಾ ಅಂದ್ರೆ, ನಮಗೆ ಮಾಡ್ಯೂಲ್ ರೆಡಿಯಾಗಿ ಸಿಗುತ್ತೆ, ಲೈಬ್ರರಿ ಕೋಡೂ ಸಿಗುತ್ತೆ. ಅವರು ಗ್ರಹಿಸುವ ಭಾಗವನ್ನೂ ಸಣ್ಣ ಸಣ್ಣ ಉಕ್ಕಿನ ಸ್ಪ್ರಿಂಗ್ ಜೋಡಿಸಿ ತಾವೇ ಮಾಡಿಕೊಂಡಿದ್ದರು. 1897ರ ಜನವರಿಯಲ್ಲಿ ಅದೇ ಉಪಕರಣಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಟ್ಟು ತೋರಿಸಿದರು.

ಇದರಿಂದ ಹಣ ಮಾಡಬಹುದಿತ್ತು. ಪೇಟೆಂಟ್ ತಗೋಳ್ಳಿ ಅಂತ ವ್ಯಾಪಾರಿಗಳು ದುಂಬಾಲು ಬಿದ್ದರು. ಜ್ಞಾನ ಮಾರಾಟದ ಸರಕಲ್ಲ ಅನ್ನೋದು ಬೋಸರ ನಿಲುವು. ಕೊನೆಗೆ ಸ್ನೇಹಿತರ ಒತ್ತಾಯಕ್ಕೆ ಕಟ್ಟುಬಿದ್ದು, ಗೆಲೀನಾ ಹರಳಿನ ಡಿಟೆಕ್ಟರಿಗೆ ಅಮೆರಿಕದಲ್ಲಿ ಅರ್ಜಿ ಹಾಕಿದರು. 1904ರಲ್ಲಿ ಅದು ಮಂಜೂರಾಯಿತು. ಅರೆವಾಹಕ ಸಾಧನವೊಂದಕ್ಕೆ ಸಿಕ್ಕ ಮೊಟ್ಟಮೊದಲ ಪೇಟೆಂಟುಗಳಲ್ಲಿ ಅದೂ ಒಂದು. ಆದರೆ ಅದರಿಂದ ಲಾಭ ಮಾಡಿಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ. ಅಷ್ಟರಲ್ಲಿ ರೇಡಿಯೋದ ಹೆಸರು, ಹಣ ಎರಡೂ ಮಾರ್ಕೋನಿ ಪಾಲಾಗುತ್ತಿದ್ದವು. ಈ ನಿಲುವು ಸರಿಯೋ ತಪ್ಪೋ ಅಂತ ನಮ್ಮ ಕ್ಯಾಂಟೀನಿನಲ್ಲಿ ವಾದ ಮುಗಿದೇ ಇಲ್ಲ. ಪೇಟೆಂಟ್ ಹಣವಿದ್ದಿದ್ದರೆ ದೊಡ್ಡ ಲ್ಯಾಬ್ ಕಟ್ಟಬಹುದಿತ್ತು ಅನ್ನೋರು ಕೆಲವರು. ಮುಚ್ಚಿಡದೆ ಹಂಚಿದ್ದಕ್ಕೇ ಅವರು ದೊಡ್ಡವರು ಅನ್ನೋರು ಉಳಿದವರು.

ಡಿಟೆಕ್ಟರುಗಳು ತುಂಬಾ ಹೊತ್ತು ದುಡಿದ ಮೇಲೆ ಮಂಕಾಗಿ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದು ಬೋಸರ ಕಣ್ಣಿಗೆ ಬಿತ್ತು. ನಾವಾಗಿದ್ದರೆ ಲೂಸ್ ಕಾಂಟ್ಯಾಕ್ಟ್ ಅಂತ ಬೈದು ಬದಲಾಯಿಸ್ತಿದ್ವಿ. ಅವರು ಸ್ನಾಯುವಿನ ಆಯಾಸದ ಜೊತೆ ಅದನ್ನು ಹೋಲಿಸಿ, ಅಲ್ಲಿಂದ ಸಸ್ಯಗಳ ಕಡೆ ಹೊರಟರು. ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಕಟ್ಟಿದರು. ಅವರ ಕೆಲವು ತೀರ್ಮಾನಗಳನ್ನು ಆ ಕಾಲದ ಜೀವವಿಜ್ಞಾನಿಗಳು ಒಪ್ಪಲಿಲ್ಲ, ಜಗಳಗಳೇ ಆದವು. ಆದರೆ ಉಪಕರಣಗಳ ಸೂಕ್ಷ್ಮತೆ ನೋಡಿ ಬೆರಗಾದವರು ಬಹಳ.

1917ರಲ್ಲಿ, ತಮ್ಮ ಹುಟ್ಟುಹಬ್ಬದಂದೇ, ಕಲ್ಕತ್ತೆಯಲ್ಲಿ ಬೋಸ್ ಸಂಸ್ಥೆ ಆರಂಭಿಸಿದರು. 1920ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1937ರ ನವೆಂಬರ್ 23ರಂದು ಗಿರಿಡಿಹ್‌ನಲ್ಲಿ ತೀರಿಕೊಂಡರು.

ಅವರ ಮಿಲಿಮೀಟರ್ ಅಲೆಗಳ ಪ್ರಯೋಗವನ್ನು ಐಇಇಇ ಸಂಸ್ಥೆ 2012ರಲ್ಲಿ ತನ್ನ ಮೈಲಿಗಲ್ಲುಗಳ ಪಟ್ಟಿಗೆ ಸೇರಿಸಿತು. ಅದೇ 60 ಗಿಗಾಹರ್ಟ್ಸ್ ಸುತ್ತಮುತ್ತ ಇವತ್ತು ಅತಿವೇಗದ ವೈಫೈ, ಕೈಸನ್ನೆ ಗುರುತಿಸುವ ರೇಡಾರ್ ಚಿಪ್ಪುಗಳು ಓಡುತ್ತಿವೆ. ಗೆಳೆಯರೇ, ಈ ಸೆಮಿಸ್ಟರಿನ ಪ್ರಾಜೆಕ್ಟಿಗೆ ಸಿಗದ ಬಿಡಿಭಾಗದ ಪಟ್ಟಿ ಬರೆಯೋ ಮುಂಚೆ, ಇರೋ ತಗಡು, ಹಗ್ಗ, ಹಳೇ ಪುಸ್ತಕದಲ್ಲಿ ಏನು ಮಾಡಬಹುದು ಅಂತ ಒಂದ್ಸಲ ನೋಡೋಣ. ಆಗದಿದ್ದರೆ ಎಸ್.ಪಿ. ರೋಡ್ ಎಲ್ಲಿಗೂ ಓಡಿಹೋಗಲ್ಲ.