ಬೀಗ ಮಾಡುವವರ ಮಗ ಕೊಟ್ಟ ಲೆಕ್ಕ

ಫೆಬ್ರುವರಿ ಬಂತೆಂದರೆ ನಮ್ಮ ಕಡಬದ ಕಡೆ ಅಡಿಕೆ ತೋಟಕ್ಕೆ ನೀರು ಬಿಡುವ ಚಿಂತೆ ಶುರು. ಪುತ್ತೂರು, ಸುಳ್ಯದ ಗೆಳೆಯರ ಮನೆಗಳಲ್ಲೂ ಅದೇ ಮಾತು: ವೋಲ್ಟೇಜ್ ಇಲ್ಲ, ಪಂಪ್ ಎಳೆಯುತ್ತಿಲ್ಲ. ಈ ಸಲ ನಮ್ಮ ಪಂಪ್ ಬರೀ ಗುಂಯ್‌ಗುಟ್ಟತೊಡಗಿದಾಗ ಅಪ್ಪ ಹೊಸ ಮೋಟಾರಿಗೆ ಸಾಲ ಮಾಡಲು ಹೊರಟರು. ಬಿ.ಇ. ಓದುವ ಮಗನಾಗಿ ಸುಮ್ಮನಿರಲು ನಾಚಿಕೆಯಾಯಿತು. ಆಗ ನೆನಪಾದವರು ಜಾರ್ಜ್ ಸೈಮನ್ ಓಮ್.

ಅವರು ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗನ್‌ನಲ್ಲಿ. ಅಪ್ಪ ಬೀಗ ಮಾಡುವವರು. ಶಾಲೆಯ ಓದಿಲ್ಲದಿದ್ದರೂ ತಾವೇ ಗಣಿತ ಕಲಿತು ಮಕ್ಕಳಿಗೂ ಕಲಿಸಿದರು. ಓಮ್ ಹತ್ತು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ವಿಶ್ವವಿದ್ಯಾಲಯ ಸೇರಿದ ಹುಡುಗ ನೃತ್ಯ, ಬಿಲಿಯರ್ಡ್ಸ್ ಎಂದು ಕಾಲ ಕಳೆದದ್ದಕ್ಕೆ ಸಿಟ್ಟಾದ ಅಪ್ಪ ಮೂರೇ ಸೆಮಿಸ್ಟರಿಗೆ ಓದು ಬಿಡಿಸಿದರು. ಓಮ್ ಸ್ವಿಟ್ಜರ್ಲೆಂಡಿನಲ್ಲಿ ಪಾಠ ಹೇಳುತ್ತಾ ತಾವೇ ಓದಿಕೊಂಡು, 1811ರಲ್ಲಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕಲೋನ್‌ನ ಶಾಲೆಯೊಂದಕ್ಕೆ ಮೇಷ್ಟ್ರಾದರು. ಅಲ್ಲಿ ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ ಹರಿಸಿ ಅಳೆದರು. 1825ರಲ್ಲಿ ಅವರು ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು! ಅಂದಿನ ಬ್ಯಾಟರಿಯ ಶಕ್ತಿ ಒಂದೇ ಸಮ ಇರುತ್ತಿರಲಿಲ್ಲ. ಮರುವರ್ಷ ಬಿಸ್ಮತ್ ಮತ್ತು ತಾಮ್ರ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿಟ್ಟು ಸ್ಥಿರ ವಿದ್ಯುತ್ ಪಡೆದರು. ಲೆಕ್ಕ ಸರಿಹೋಯಿತು. 1827ರ ಪುಸ್ತಕಕ್ಕೆ ತಣ್ಣನೆಯ ಸ್ವಾಗತ ಸಿಕ್ಕಿತು. ಮನನೊಂದ ಓಮ್ ಕೆಲಸ ಬಿಟ್ಟರು. 1833ರಲ್ಲಷ್ಟೇ ನ್ಯೂರೆಂಬರ್ಗ್‌ನಲ್ಲಿ ಒಳ್ಳೆಯ ಹುದ್ದೆ ದೊರೆಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. 1854ರ ಜುಲೈ 6ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. 1881ರಲ್ಲಿ ಪ್ಯಾರಿಸ್ ಸಮ್ಮೇಳನ ರೋಧದ ಅಳತೆಗೆ ಅವರ ಹೆಸರನ್ನೇ ಇಟ್ಟಿತು.

ನಾನೂ ಮೊದಲು ತಪ್ಪಿದೆ. ಮನೆಯ ಬೋರ್ಡಿನಲ್ಲಿ ವೋಲ್ಟೇಜ್ ನೋಡಿ, ನಡೆದು ಹೋಗಿ ಪಂಪ್‌ಶೆಡ್ಡಿನಲ್ಲಿ ನೋಡುವಷ್ಟರಲ್ಲಿ ವೋಲ್ಟೇಜೇ ಬದಲಾಗಿತ್ತು. ಮರುದಿನ ತಂಗಿಯನ್ನು ಬೋರ್ಡಿನ ಬಳಿ ನಿಲ್ಲಿಸಿ, ಫೋನಿನಲ್ಲಿ ಮಾತಾಡುತ್ತಾ ಇಬ್ಬರೂ ಒಂದೇ ಕ್ಷಣಕ್ಕೆ ನೋಡಿದೆವು. ಮೋಟಾರಿನ ಲೆಕ್ಕ ಸ್ವಲ್ಪ ಜಟಿಲ, ಆದ್ದರಿಂದ ಶೆಡ್ಡಿನಲ್ಲಿ ನೀರು ಕಾಯಿಸುವ ಕಾಯಿಲ್ ಹಾಕಿದ್ದೆ. ಬೋರ್ಡಿನಲ್ಲಿ 220 ವೋಲ್ಟ್, ಶೆಡ್ಡಿನಲ್ಲಿ 201, ಕರೆಂಟ್ 3.8 ಆಂಪಿಯರ್. ದಾರಿಯಲ್ಲಿ ಕಳೆದುಹೋದ 19 ವೋಲ್ಟನ್ನು 3.8ರಿಂದ ಭಾಗಿಸಿದರೆ 5 ಓಮ್. ಗುಣಿಸಿದರೆ ಸುಮಾರು 72 ವಾಟ್ ವ್ಯರ್ಥ. ಆದರೆ ನಮ್ಮ 2.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ, ನೂರು ಮೀಟರ್ ಹೋಗಿ ಬರುವ ದಾರಿಗೆ, 1.5 ಓಮ್ ಸಾಕು. ಉಳಿದ 3.5 ಓಮ್ ಎಲ್ಲಿ?

ಮೇನ್ ಸ್ವಿಚ್ ತೆಗೆದು, ಊರಿನ ವಯರ್‌ಮನ್ ಅಣ್ಣನ ಜೊತೆ ತಂತಿಯುದ್ದಕ್ಕೂ ಹುಡುಕಿದೆ. ಅಡಿಕೆ ಮರವೊಂದರ ಬಳಿ ಹಳೆಯ ಜಾಯಿಂಟ್ ಟೇಪಿನೊಳಗೆ ಸುಟ್ಟು ಕಪ್ಪಾಗಿತ್ತು. ಅಣ್ಣ ಅದನ್ನು ಹೊಸದಾಗಿ ಕಟ್ಟಿದರು. ಮತ್ತೆ ಅಳೆದರೆ ನಷ್ಟ 6 ವೋಲ್ಟ್ ಮಾತ್ರ. ಪಂಪ್ ನೀರೆತ್ತಿತು.

ಅಪ್ಪ ಏನೂ ಹೇಳಲಿಲ್ಲ. ಸಾಲದ ಅರ್ಜಿಯನ್ನು ಮಡಚಿ ಕಪಾಟಿನಲ್ಲಿಟ್ಟು, ಸಂಜೆ ಪಕ್ಕದ ಮನೆಯವರ ಪಂಪನ್ನೂ ಸ್ವಲ್ಪ ನೋಡಿ ಬಾ ಎಂದು ನನ್ನನ್ನು ಕಳುಹಿಸಿದರು.