ಜೈಲು ಜ್ವರದ ಜಾಡು ಹಿಡಿದ ಶೆರೀಫ್

ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್ ಜಿಲ್ಲೆಗೆ 1773ರಲ್ಲಿ ಜಾನ್ ಹೋವರ್ಡ್ ಎಂಬ ಜಮೀನ್ದಾರ ಶೆರೀಫ್ ಆದ. ಜಿಲ್ಲಾ ಜೈಲು ಶೆರೀಫನ ಸುಪರ್ದಿಗೆ ಸೇರಿದ್ದರೂ ಅದರೊಳಗೆ ಕಾಲಿಡುವ ಗೋಜಿಗೆ ಹೋಗುತ್ತಿದ್ದವರು ಕಡಿಮೆ. ವರ್ಷವೊಂದು ಮೆರೆದು ಇಳಿದುಬಿಡುವ ಹುದ್ದೆ ಅದು. ಹೋವರ್ಡ್ ಮಾತ್ರ ಒಳಗೆ ಹೋಗಿ ನೋಡಿದ.

ಅವನಿಗೆ ಸೆರೆವಾಸ ಹೊಸದೇನೂ ಆಗಿರಲಿಲ್ಲ. 1756ರಲ್ಲಿ ಲಿಸ್ಬನ್‌ಗೆ ಹೊರಟಿದ್ದ ಹಡಗನ್ನು ಫ್ರೆಂಚರು ಹಿಡಿದಾಗ ಬ್ರೆಸ್ಟ್ ಬಂದರಿನ ಸೆರೆಯಲ್ಲಿ ಹುಲ್ಲಿನ ಮೇಲೆ ಮಲಗಿ ದಿನ ಕಳೆದಿದ್ದ. ಆದರೆ ಬೆಡ್‌ಫರ್ಡ್‌ನಲ್ಲಿ ಕಂಡದ್ದು ಬೇರೆಯೇ ಲೆಕ್ಕಾಚಾರ. ಜೈಲರ್‌ಗೆ ಸಂಬಳವಿಲ್ಲ, ಕೈದಿಗಳು ಕೊಡುವ ಶುಲ್ಕವೇ ಅವನ ಸಂಪಾದನೆ. ಹಾಗಾಗಿ ನಿರಪರಾಧಿಗಳೆಂದು ನ್ಯಾಯಾಲಯ ಬಿಟ್ಟವರೂ ಶುಲ್ಕ ತೆರಲಾರದೆ ಮತ್ತೆ ಅದೇ ಕೋಣೆಗೆ ಮರಳುತ್ತಿದ್ದರು. ಜೈಲರ್‌ಗೆ ಸಂಬಳ ಗೊತ್ತುಮಾಡಿ ಎಂದು ಹೋವರ್ಡ್ ಜಿಲ್ಲೆಯ ಮ್ಯಾಜಿಸ್ಟ್ರೇಟರನ್ನು ಕೇಳಿದ. ಬೇರೆ ಎಲ್ಲಾದರೂ ಹೀಗೆ ಕೊಟ್ಟದ್ದುಂಟೇ, ತೋರಿಸು ಎಂದರು ಅವರು. (ಅರ್ಜಿ ಹಿಡಿದು ಕಚೇರಿ ಸುತ್ತಿದವರಿಗೆ ಈ ಉತ್ತರ ಪರಿಚಿತ!) ಅಂಥದೊಂದು ಉದಾಹರಣೆ ಹುಡುಕಿಕೊಂಡು ಆತ ಅಕ್ಕಪಕ್ಕದ ಜಿಲ್ಲೆಗಳ ಜೈಲುಗಳಿಗೆ ಹೊರಟ. ಉದಾಹರಣೆ ಸಿಗಲಿಲ್ಲ. ಹೋದಲ್ಲೆಲ್ಲ ಎದುರಾದದ್ದು ಅದೇ ಅನ್ಯಾಯ, ಜತೆಗೆ ಜೈಲು ಜ್ವರ.

ಆಗ ಹಾಗೆ ಕರೆಯುತ್ತಿದ್ದ ಕಾಯಿಲೆ ಟೈಫಸ್. ಟೈಫಾಯ್ಡ್ ಬೇರೆ, ಹೆಸರಷ್ಟೇ ಹತ್ತಿರ. ಮೈ ಮತ್ತು ಬಟ್ಟೆಯ ಹೇನು ಇದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ. ಕೊಳೆತ ಹುಲ್ಲಿನ ಮೇಲೆ ಒತ್ತಿಕೊಂಡು ಮಲಗುವ ಜನ, ಬದಲಿಸಲು ಬಟ್ಟೆಯಿಲ್ಲ, ಎಷ್ಟೋ ಕಡೆ ತೊಳೆದುಕೊಳ್ಳಲು ನೀರೂ ಇಲ್ಲ. ಹೇನಿಗೆ ಇನ್ನೇನು ಬೇಕು? ಕಿಟಕಿಗೂ ಆಗ ತೆರಿಗೆಯಿತ್ತು. ಅದನ್ನು ಕಟ್ಟಬೇಕಾದ ಜೈಲರ್‌ಗಳು ಕಿಟಕಿಗಳನ್ನೇ ಮುಚ್ಚಿಸಿಬಿಡುತ್ತಿದ್ದರು. ಸಾಲ ತೀರಿಸಲಾಗದವರು, ವಿಚಾರಣೆಗೆ ಕಾಯುವವರು, ಕಳ್ಳರು ಎಲ್ಲರೂ ಒಟ್ಟಿಗೇ. ಗಲ್ಲಿಗೇರಿದವರಿಗಿಂತ ಈ ಜ್ವರಕ್ಕೆ ಸತ್ತವರೇ ಹೆಚ್ಚು ಎಂದು ಹೋವರ್ಡ್ ಆ ವರ್ಷಗಳ ಬಗ್ಗೆ ಬರೆದ. ಸಣ್ಣಪುಟ್ಟ ಕಳ್ಳತನಕ್ಕೂ ಗಲ್ಲು ಹಾಕುತ್ತಿದ್ದ ಕಾಲ ಅದು ಎಂಬುದನ್ನು ನೆನಪಿಟ್ಟುಕೊಂಡು ಈ ಮಾತನ್ನು ಓದಬೇಕು.

ಜ್ವರ ಗೋಡೆಯೊಳಗೇ ಉಳಿಯುತ್ತಲೂ ಇರಲಿಲ್ಲ. 1750ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನಿಂದ ಪಕ್ಕದ ಓಲ್ಡ್ ಬೈಲಿ ನ್ಯಾಯಾಲಯಕ್ಕೆ ಕೈದಿಗಳ ಜತೆ ಬಂದ ಅದು ಲಾರ್ಡ್ ಮೇಯರ್‌ನನ್ನೂ ಇಬ್ಬರು ನ್ಯಾಯಾಧೀಶರನ್ನೂ ಬಲಿ ತೆಗೆದುಕೊಂಡಿತ್ತು. ಆಮೇಲೆ ಜೈಲಿನ ಛಾವಣಿಗೆ ಗಾಳಿಗಿರಣಿ ಕೂರಿಸಿದರು, ನ್ಯಾಯಾಲಯದಲ್ಲಿ ಸುವಾಸನೆಯ ಸೊಪ್ಪು ಹರಡಿದರು. ಹೇನಿಗೆ ಇದ್ಯಾವುದರ ಪರಿವೆ?

1774ರಲ್ಲಿ ಹೋವರ್ಡ್ ಸಂಸತ್ತಿನ ಮುಂದೆ ತಾನು ಕಂಡದ್ದನ್ನು ಹೇಳಿದ. ಯಾರ ಖರ್ಚಿನಲ್ಲಿ ಸುತ್ತಿದೆ ಎಂದು ಸದಸ್ಯನೊಬ್ಬ ಕೇಳಿದನಂತೆ. ಸ್ವಂತ ದುಡ್ಡಿನಲ್ಲೇ ಸುತ್ತಿದ್ದ. ಆ ವರ್ಷವೇ ಎರಡು ಕಾಯ್ದೆಗಳು ಬಂದವು. ಒಂದು, ಖುಲಾಸೆಯಾದವರನ್ನು ಶುಲ್ಕ ಕೇಳದೆ ಬಿಡಬೇಕು. ಇನ್ನೊಂದು, ಜೈಲಿನ ಗೋಡೆಗಳಿಗೆ ವರ್ಷಕ್ಕೊಮ್ಮೆಯಾದರೂ ಸುಣ್ಣ ಬಳಿಯಬೇಕು, ಗಾಳಿ ಆಡಬೇಕು, ರೋಗಿಗಳಿಗೆ ಪ್ರತ್ಯೇಕ ಕೋಣೆ ಇರಬೇಕು, ಸ್ನಾನಕ್ಕೆ ವ್ಯವಸ್ಥೆ ಬೇಕು. ಕಾಯ್ದೆಗಳನ್ನು ತಾನೇ ಅಚ್ಚು ಹಾಕಿಸಿ ಜೈಲರ್‌ಗಳಿಗೆ ಕಳಿಸಿದ. ಪಾಲನೆಯಾಯಿತೇ ಎಂದು ನೋಡಲು ಮತ್ತೆ ಹೊರಟ. ಬಹಳ ಕಡೆ ಆಗಿರಲಿಲ್ಲ. ಆ ತಿರುಗಾಟಗಳಲ್ಲಿ ಬಟ್ಟೆಗೆ ಹತ್ತಿದ ನಾತ ತಡೆಯಲಾಗದೆ ಮುಚ್ಚಿದ ಗಾಡಿ ಬಿಟ್ಟು ಕುದುರೆಯ ಮೇಲೇ ಹೋಗುತ್ತಿದ್ದ. ಟಿಪ್ಪಣಿ ಪುಸ್ತಕವನ್ನು ಬೆಂಕಿಯ ಮುಂದೆ ಹರವಿ ಆಮೇಲೇ ತೆರೆಯಬೇಕಾಗುತ್ತಿತ್ತು. 1777ರಲ್ಲಿ ಅವೆಲ್ಲ ಸೇರಿ ಇಂಗ್ಲೆಂಡ್ ಮತ್ತು ವೇಲ್ಸ್ ಜೈಲುಗಳ ಸ್ಥಿತಿಗತಿಯ ದೊಡ್ಡ ಪುಸ್ತಕವಾಯಿತು.

ನನಗೆ ಸೋಜಿಗವೆನಿಸುವುದು ಇಲ್ಲಿ. ಹೇನಿನ ಪಾತ್ರ ಹೋವರ್ಡ್‌ಗೆ ಗೊತ್ತೇ ಇರಲಿಲ್ಲ. ಕೆಟ್ಟ ಗಾಳಿ, ಕೊಳಕು ಇವುಗಳಿಂದ ಜ್ವರ ಬರುತ್ತದೆಂದೇ ಅವನ ಕಾಲದವರು ನಂಬಿದ್ದರು. ಹೇನಿನ ಗುಟ್ಟನ್ನು ಟ್ಯೂನಿಸ್‌ನಲ್ಲಿ ಷಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು 1909ರಲ್ಲಿ. ಕಾರಣ ತಪ್ಪಾಗಿ ತಿಳಿದಿದ್ದರೂ ಸ್ನಾನ, ಶುಭ್ರ ಬಟ್ಟೆ, ರೋಗಿಯನ್ನು ಬೇರೆ ಇಡುವುದು ಎಂಬ ಮದ್ದು ಸರಿಯಾಗಿತ್ತು.

ಕೊನೆಯ ವರ್ಷಗಳಲ್ಲಿ ಅವನ ಗಮನ ಪ್ಲೇಗಿನತ್ತ ಹೊರಳಿತು. ಕ್ವಾರಂಟೈನ್ ಹೇಗಿರುತ್ತದೆಂದು ಒಳಗಿನಿಂದಲೇ ತಿಳಿಯಲು, ಸೋಂಕಿನ ಶಂಕೆಯಿದ್ದ ಹಡಗನ್ನೇ ಹುಡುಕಿ ಹತ್ತಿ ವೆನಿಸ್‌ನಲ್ಲಿ ಬಂಧಿಯಾದ. ಅಲ್ಲಿನ ನಾರುವ ಕೋಣೆಗೂ ಸುಣ್ಣ ಹೊಡೆಸಿಕೊಂಡ. ಪುಣ್ಯಾತ್ಮ!

1789ರಲ್ಲಿ ರಷ್ಯಾದ ಸೇನಾ ಆಸ್ಪತ್ರೆಗಳನ್ನು ನೋಡುತ್ತ ಈಗಿನ ಉಕ್ರೇನಿನ ಖೆರ್ಸಾನ್ ತಲುಪಿದ. ಜ್ವರ ಬಂದ ಯುವತಿಯೊಬ್ಬಳನ್ನು ನೋಡಲು ಹೋಗಿ ಬಂದವನು ತಾನೂ ಮಲಗಿದ. 1790ರ ಜನವರಿಯಲ್ಲಿ ತೀರಿಕೊಂಡ. ಅದು ಟೈಫಸ್ಸೇ ಇರಬೇಕೆನ್ನುತ್ತಾರೆ. ಸ್ಮಾರಕ ಬೇಡ, ಗೋರಿಯ ಮೇಲೊಂದು ನೆರಳು ಗಡಿಯಾರ ಇಟ್ಟು ನನ್ನನ್ನು ಮರೆತುಬಿಡಿ ಎಂಬುದು ಅವನ ಕೋರಿಕೆಯಾಗಿತ್ತು. ಲಂಡನ್ನಿನವರು ಕೇಳಲಿಲ್ಲ. ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನೊಳಗೆ ನಿಂತ ಮೊದಲ ಪ್ರತಿಮೆ ಅವನದೇ. ಕೈಯಲ್ಲಿ ಬೀಗದ ಕೈ, ಕಾಲಡಿ ಬೇಡಿ.