ಉಣ್ಣೆ ಕೊಡದ ಹುಡುಗಿ: ಸೋಫಿ ಶೋಲ್ ಮತ್ತು ಸತ್ಯ ಹೇಳುವ ಪ್ರೀತಿ

ಭಟ್ಕಳದಿಂದ ಬೆಳಿಗ್ಗೆ ಬಸ್ ಹಿಡಿದು ಬಂದವರಿಗೆ, ಕುಮಟಾದಿಂದ ಬೈಕಿನಲ್ಲಿ ಬಂದವರಿಗೆ, ಹೊನ್ನಾವರದ ನಮ್ಮ ಯೌವನಸ್ಥರಿಗೆ, ಬೆಂಗಳೂರು, ಮಂಗಳೂರಿನ ಪಿಜಿಗಳಲ್ಲಿ ಕೂತು ಆಮೇಲೆ ಇದನ್ನು ಓದುವವರಿಗೆ, ಎಲ್ಲರಿಗೂ ಸ್ವಾಗತ.

ಸತ್ಯವೇದ ತೆಗೆಯಿರಿ. 1 ಕೊರಿಂಥ 13. ಮದುವೆಗಳಲ್ಲಿ ಓದುವ ಅಧ್ಯಾಯ, ಎಲ್ಲರಿಗೂ ಗೊತ್ತು. ತಾಳ್ಮೆ, ದಯೆ, ಅಷ್ಟು ನಮಗೆ ಬಾಯಿಪಾಠ. ಆದರೆ 6ನೇ ವಚನದ ಮೇಲೆ ನಾವು ಹೆಚ್ಚು ನಿಲ್ಲೋದಿಲ್ಲ. ಪೌಲನು ಅಲ್ಲಿ ಹೇಳೋದು ಏನು ಅಂದ್ರೆ, ಅನ್ಯಾಯ ನಡೆಯುವಾಗ ಪ್ರೀತಿಗೆ ಖುಷಿ ಇರೋದಿಲ್ಲ, ಪ್ರೀತಿಯ ಖುಷಿ ಸತ್ಯದ ಜೊತೆಗಿದೆ.

ನನ್ನ ಹತ್ತಿರ ಯೌವನಸ್ಥರು ಅತಿ ಹೆಚ್ಚು ಕೇಳುವ ಪ್ರಶ್ನೆ ಒಂದಿದೆ. ಬ್ರದರ್, ನನಗೆ ಒಬ್ಬರು ಇಷ್ಟ ಆಗಿದ್ದಾರೆ, ಇದು ದೇವರ ಚಿತ್ತವೋ ಅಲ್ಲವೋ ಹೇಗೆ ತಿಳಿಯೋದು? ನಾನು ತಿರುಗಿ ಒಂದು ಪ್ರಶ್ನೆ ಕೇಳ್ತೀನಿ. ಆ ವ್ಯಕ್ತಿಗೆ ಹಿಡಿಸದ ಸತ್ಯವನ್ನು ಅವರ ಮುಂದೆ ಹೇಳೋಕೆ ನಿಮ್ಮಿಂದ ಆಗುತ್ತಾ? ಹೆಚ್ಚಿನವರು ಸುಮ್ಮನಾಗ್ತಾರೆ. ಅದಕ್ಕೇ ಇವತ್ತು ಒಬ್ಬ ಹುಡುಗಿಯ ಜೀವನ ಹೇಳಬೇಕು ಅಂತ ಬಂದಿದ್ದೀನಿ. ಅವಳ ಹೆಸರು ಸೋಫಿ ಶೋಲ್.

ಜರ್ಮನಿ ಅಂದ್ರೆ ನಮ್ಮ ಕರಾವಳಿಗೆ ದೂರದ ಹೆಸರಲ್ಲ. ಹಂಚು ಅಂದಾಗ ಬಾಸೆಲ್ ಮಿಷನ್ ನೆನಪಾಗುತ್ತೆ. 1843ರಲ್ಲಿ ಮಂಗಳೂರ ಸಮಾಚಾರ ಅನ್ನೋ ಮೊದಲ ಕನ್ನಡ ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಸೋಫಿ ಹುಟ್ಟಿದ್ದೂ ಅದೇ ವುರ್ಟೆಂಬರ್ಗಿನ ಫೋರ್ಷ್ಟೆನ್‌ಬರ್ಗ್ ಅನ್ನೋ ಸಣ್ಣ ಊರಲ್ಲಿ, 1921ರ ಮೇ 9ರಂದು. ಮೋಗ್ಲಿಂಗ್ ಇಲ್ಲಿ ಕನ್ನಡದಲ್ಲಿ ಪತ್ರಿಕೆ ಅಚ್ಚು ಹಾಕಿಸಿದ ಸರಿಯಾಗಿ ನೂರು ವರ್ಷಕ್ಕೆ, ಅದೇ ಸೀಮೆಯ ಈ ಹುಡುಗಿ ಅಚ್ಚಾದ ಕಾಗದ ಹಂಚಿದ್ದಕ್ಕೆ ಪ್ರಾಣ ಕೊಟ್ಟಳು.

ತಂದೆ ರಾಬರ್ಟ್ ಆ ಊರಿನ ಮೇಯರ್. ತಾಯಿ ಲೀನಾ ಮದುವೆಗೆ ಮೊದಲು ರೋಗಿಗಳ ಸೇವೆ ಮಾಡುವ ಡೀಕನೆಸ್ ಆಗಿದ್ದವರು. ಪ್ರಾರ್ಥನೆ ಇರುವ ಮನೆ. ಆದರೂ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಈ ಮನೆಯ ಮಕ್ಕಳು ಅವನ ಹಿಂದೆ ಹೋದರು! ಅಪ್ಪ ಬೇಡ ಅಂದರೂ ಕೇಳಲಿಲ್ಲ. ಮೆರವಣಿಗೆ, ಹಾಡು, ಕ್ಯಾಂಪ್, ಬಾವುಟ, ದೇಶಕ್ಕಾಗಿ ಏನಾದ್ರೂ ಮಾಡಬೇಕು ಅನ್ನೋ ಬಿಸಿ. ಸೋಫಿ ಹಿಟ್ಲರನ ಬಾಲಕಿಯರ ಸಂಘ ಸೇರಿ ಅಲ್ಲಿ ಲೀಡರ್ ಕೂಡ ಆದಳು. ವಿಶ್ವಾಸಿಗಳ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಕಣ್ಣು ತೆರೆಯೋದಿಲ್ಲ, ಪ್ರಿಯರೇ. ಅವಳ ಕಣ್ಣು ನಿಧಾನವಾಗಿ ತೆರೆಯಿತು. ತನ್ನ ಯೆಹೂದಿ ಗೆಳತಿಗೆ ಆ ಸಂಘದಲ್ಲಿ ಯಾಕೆ ಜಾಗ ಇಲ್ಲ ಅನ್ನೋದು ಅವಳಿಗೆ ಅರ್ಥವಾಗಲಿಲ್ಲ. 1937ರಲ್ಲಿ ಅವಳ ಅಣ್ಣ ಹಾನ್ಸ್ ಮತ್ತು ಒಡಹುಟ್ಟಿದವರನ್ನು ನಿಷೇಧಿತ ಯುವಕರ ಗುಂಪಿನ ಕಾರಣಕ್ಕೆ ಪೊಲೀಸರು ಹಿಡಿದರು. ಅಲ್ಲಿಂದ ಆ ಮನೆಯ ಮಕ್ಕಳ ಮನಸ್ಸು ತಿರುಗತೊಡಗಿತು.

ಅದೇ ವರ್ಷ ಸೋಫಿಗೆ ಒಬ್ಬ ಹುಡುಗ ಪರಿಚಯವಾದ. ಫ್ರಿಟ್ಸ್ ಹಾರ್ಟ್‌ನಾಗೆಲ್. ಅವಳಿಗೆ 16, ಅವನಿಗೆ 20. ಒಳ್ಳೆಯ ಹುಡುಗ, ಗಂಭೀರ. ಆದರೆ ಅವನ ಕೆಲಸ ಏನು? ಹಿಟ್ಲರನ ಸೇನೆಯಲ್ಲಿ ಅಧಿಕಾರಿ. ಇಲ್ಲೇ ಸಮಸ್ಯೆ ನೋಡಿ! ನಾಜಿ ಆಡಳಿತವನ್ನು ದಿನದಿನಕ್ಕೆ ಹೆಚ್ಚು ದ್ವೇಷಿಸ್ತಾ ಇದ್ದ ಹುಡುಗಿಯ ಮನಸ್ಸು ಹೋಗಿದ್ದು ಅದೇ ಆಡಳಿತಕ್ಕೆ ಪ್ರಮಾಣ ಮಾಡಿದ ಸೈನಿಕನ ಮೇಲೆ.

ಅವರ ಪ್ರೀತಿ ಸಿನಿಮಾದ ಪ್ರೀತಿ ಅಲ್ಲ. ಆರು ವರ್ಷ ಹೆಚ್ಚಿನದಾಗಿ ಪತ್ರದಲ್ಲೇ ನಡೆದ ಪ್ರೀತಿ. ಮಧ್ಯೆ ಅವಳಿಗೆ ಸಂಶಯ ಬಂತು, ಇದು ಬರೀ ಸ್ನೇಹವಾಗಿ ಇರಲಿ ಅಂತ ಅನ್ನಿಸಿದ್ದೂ ಇದೆ. ತನ್ನ ಆಸೆ, ದೇವರ ಮುಂದೆ ತನ್ನ ಮನಸ್ಸಾಕ್ಷಿ, ಇವೆರಡರ ಮಧ್ಯೆ ಒದ್ದಾಡಿದಳು. ಸರ್ಕಾರದ ಕಡ್ಡಾಯ ದುಡಿಮೆಯ ಕ್ಯಾಂಪಿನಲ್ಲಿ ಸಂತ ಅಗಸ್ಟೀನನ ಪುಸ್ತಕ ಓದ್ತಾ, ತನಗೆ ಪ್ರಾರ್ಥನೆ ಬರೋದಿಲ್ಲ ಅಂತ ಕೊರಗ್ತಾ, ಆದರೂ ಪ್ರಾರ್ಥಿಸ್ತಾ ಇದ್ದಳು. ನಿಮ್ಮಲ್ಲಿ ಕೆಲವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಉಣ್ಣೆಯ ವಿಷಯಕ್ಕೆ ಬರ್ತೀನಿ. 1941ರ ಚಳಿಗಾಲ. ಜರ್ಮನ್ ಸೈನಿಕರು ರಷ್ಯಾದ ಹಿಮದಲ್ಲಿ ಸಿಕ್ಕಿಬಿದ್ದಿದ್ದಾರೆ. ಮನೆ ಮನೆಯಿಂದ ಸ್ವೆಟರ್, ಕೈಚೀಲ, ಕಂಬಳಿ ಕೊಡಿ ಅಂತ ಸರ್ಕಾರ ಕರೆ ಕೊಟ್ಟಿತು. ಎಲ್ಲರೂ ಕೊಟ್ಟರು. ಸೋಫಿ ಕೊಡಲಿಲ್ಲ. ಫ್ರಿಟ್ಸ್‌ಗೆ ಇದು ಗೊತ್ತಾದಾಗ ಆಘಾತ ಆಯ್ತು. ಅಲ್ಲಿ ನಡುಗ್ತಾ ಇರೋದು ಅವನ ಜೊತೆಗಾರರು! ಅವಳು ಅವನಿಗೆ ಕಾರಣ ಹೇಳಿದಳು. ಹಿಮದಲ್ಲಿ ಸಾಯುವವನು ಜರ್ಮನ್ ಆದರೂ ರಷ್ಯನ್ ಆದರೂ ದುಃಖ ಒಂದೇ. ಆದರೆ ಈ ಯುದ್ಧವನ್ನು ನಾವು ಸೋಲಲೇಬೇಕು. ಉಣ್ಣೆ ಕೊಟ್ಟರೆ ಯುದ್ಧ ಇನ್ನಷ್ಟು ದಿನ ಎಳೆಯುತ್ತೆ.

ಸೈನಿಕನನ್ನು ಪ್ರೀತಿಸುವ ಹುಡುಗಿಯ ಬಾಯಲ್ಲಿ ಈ ಮಾತು! ಆ ಕಂಬಳಿ ನಾಳೆ ಅವನ ಮೈಮೇಲೇ ಬೀಳಬಹುದಿತ್ತು ಅಲ್ವಾ? ಅವಳಿಗೆ ಅದು ಗೊತ್ತಿರಲಿಲ್ಲ ಅಂತ ಅಂದ್ಕೋಬೇಡಿ. ಗೊತ್ತಿದ್ದೇ ಹೇಳಿದಳು. ಅವನು ತನ್ನನ್ನು ಬಿಟ್ಟು ಹೋಗಬಹುದು ಅಂತಲೂ ಗೊತ್ತಿತ್ತು. ಫ್ರಿಟ್ಸ್ ಸಿಟ್ಟಾದ, ಯೋಚನೆ ಮಾಡಿದ, ಕೊನೆಗೆ ಅವಳು ಹೇಳಿದ್ದು ಸರಿ ಅಂತ ಒಪ್ಪಿಕೊಂಡ.

1942ರ ಮೇ ತಿಂಗಳಲ್ಲಿ, 21 ತುಂಬುವ ಹೊತ್ತಿಗೆ, ಸೋಫಿ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಜೀವಶಾಸ್ತ್ರ ಮತ್ತು ತತ್ವಶಾಸ್ತ್ರ ಓದೋಕೆ ಹೋದಳು. ಫ್ರಿಟ್ಸ್ ರಷ್ಯಾದ ಯುದ್ಧಕ್ಕೆ ಹೊರಟ. ಅವನ ಕೈಗೆ ಅವಳು ಕೊಟ್ಟಿದ್ದು ಜಾನ್ ಹೆನ್ರಿ ನ್ಯೂಮನ್ ಅವರ ಪ್ರಸಂಗಗಳ ಎರಡು ಸಂಪುಟ. ಗಿಫ್ಟ್ ಏನು ಕೊಡೋದು ಅಂತ ತಲೆ ಕೆಡಿಸಿಕೊಳ್ಳುವವರು ಗಮನಿಸಿ! ಮನಸ್ಸಾಕ್ಷಿಯ ಬಗ್ಗೆ ಆ ಪ್ರಸಂಗಗಳು ಹೇಳಿದ್ದನ್ನು ಅವನು ಯುದ್ಧಭೂಮಿಯಲ್ಲಿ ಕೂತು ಓದಿದ. ಯೆಹೂದಿಗಳನ್ನು ಗುಂಪು ಗುಂಪಾಗಿ ಕೊಲ್ಲುವುದರ ಬಗ್ಗೆ ಅಲ್ಲಿನ ಅಧಿಕಾರಿಯೊಬ್ಬ ಎಷ್ಟು ತಣ್ಣಗೆ ಮಾತಾಡ್ತಾನೆ ಅಂತ ನೋಡಿ ಗಾಬರಿಯಾಗಿ ಅವಳಿಗೆ ಪತ್ರ ಬರೆದ. ಅವನ ಕಣ್ಣೂ ತೆರೆಯಿತು.

ಇತ್ತ ಮ್ಯೂನಿಕ್‌ನಲ್ಲಿ ಅಣ್ಣ ಹಾನ್ಸ್ ಮತ್ತು ಅವನ ಗೆಳೆಯ ಅಲೆಕ್ಸಾಂಡರ್ ಶ್ಮೋರೆಲ್ ಬಿಳಿ ಗುಲಾಬಿ ಎಂಬ ಹೆಸರಲ್ಲಿ ಗುಟ್ಟಾಗಿ ಕರಪತ್ರ ಬರೆದು ಹಂಚೋಕೆ ಶುರು ಮಾಡಿದ್ದರು. ಪೋಲೆಂಡಿನಲ್ಲಿ ಮೂರು ಲಕ್ಷ ಯೆಹೂದಿಗಳ ಕೊಲೆಯಾಗಿದೆ ಅಂತ ಎರಡನೇ ಕರಪತ್ರದಲ್ಲೇ ಬರೆದರು. ಕ್ರಿಸ್ಟೋಫ್ ಪ್ರೋಬ್ಸ್ಟ್, ವಿಲ್ಲಿ ಗ್ರಾಫ್, ಪ್ರೊಫೆಸರ್ ಕುರ್ಟ್ ಹ್ಯೂಬರ್ ಜೊತೆಯಾದರು. ಸೋಫಿಯೂ ಸೇರಿದಳು. ಬಾಂಬ್ ಇಲ್ಲ, ಬಂದೂಕು ಇಲ್ಲ. ಅವಳ ಪಾಲಿನ ಕೆಲಸ ಏನು? ಅನುಮಾನ ಬಾರದ ಹಾಗೆ ಕಾಗದ, ಲಕೋಟೆ, ಅಂಚೆಚೀಟಿ ಕೊಳ್ಳೋದು. ಬ್ಯಾಗ್ ತುಂಬ ಕರಪತ್ರ ಇಟ್ಟುಕೊಂಡು ರೈಲಿನಲ್ಲಿ ಬೇರೆ ಊರಿಗೆ ಹೋಗಿ ಅಂಚೆಗೆ ಹಾಕೋದು. ಕುಮಟಾದಲ್ಲಿ ಹತ್ತಿ ಭಟ್ಕಳದಲ್ಲಿ ಇಳಿಯುವಷ್ಟು ಹೊತ್ತು ಅಂಥ ಬ್ಯಾಗ್ ನಿಮ್ಮ ಮಡಿಲಲ್ಲಿದೆ, ಬೋಗಿಯೊಳಗೆ ಪೊಲೀಸರು ತಪಾಸಣೆ ಮಾಡ್ತಾ ಬರ್ತಿದ್ದಾರೆ ಅಂತ ಕಲ್ಪಿಸಿಕೊಳ್ಳಿ.

1943ರ ಫೆಬ್ರವರಿ 18, ಗುರುವಾರ. ಅಣ್ಣ ತಂಗಿ ಸೂಟ್‌ಕೇಸ್ ತುಂಬ ಕರಪತ್ರ ತಂದು ಕ್ಲಾಸ್ ಬಾಗಿಲುಗಳ ಹೊರಗೆ ಇಟ್ಟರು. ಉಳಿದದ್ದನ್ನು ಸೋಫಿ ಮೇಲಂತಸ್ತಿನಿಂದ ಅಂಗಳಕ್ಕೆ ತಳ್ಳಿದಳು. ಕಟ್ಟಡದ ಕೆಲಸಗಾರ ನೋಡಿ ಹಿಡಿದುಕೊಟ್ಟ. ವಿಚಾರಣೆಯಲ್ಲಿ ಮೊದಲು ಅವಳೂ ನಿರಾಕರಿಸಿದಳು. ಅಣ್ಣ ಒಪ್ಪಿಕೊಂಡ ಅಂತ ತಿಳಿದ ಮೇಲೆ ಎಲ್ಲ ತನ್ನ ಮೇಲೆ ಹಾಕಿಕೊಂಡು ಗೆಳೆಯರನ್ನು ಉಳಿಸೋಕೆ ನೋಡಿದಳು. ಅಣ್ಣನ ಮಾತು ಕೇಳಿ ದಾರಿ ತಪ್ಪಿದೆ ಅಂತ ಹೇಳಿದರೆ ಶಿಕ್ಷೆ ಕಡಿಮೆಯಾಗೋ ದಾರಿಯನ್ನು ತನಿಖಾಧಿಕಾರಿ ತೋರಿಸಿದ. ಅವಳು ಒಪ್ಪಲಿಲ್ಲ.

ಫೆಬ್ರವರಿ 22, ಸೋಮವಾರ. ಬೆಳಿಗ್ಗೆ ನ್ಯಾಯಾಲಯ, ಮಧ್ಯಾಹ್ನ ತೀರ್ಪು, ಸಂಜೆ 5 ಗಂಟೆಗೆ ಗಿಲೋಟಿನ್. ಸೋಫಿಗೆ 21, ಹಾನ್ಸ್‌ಗೆ 24, ಮೂರು ಮಕ್ಕಳ ತಂದೆ ಕ್ರಿಸ್ಟೋಫ್‌ಗೆ 23. ಕ್ರಿಸ್ಟೋಫ್ ಸಾಯುವ ಸ್ವಲ್ಪ ಮೊದಲು ದೀಕ್ಷಾಸ್ನಾನ ಹೊಂದಿದ. ಜೈಲಿನ ಪಾಸ್ಟರ್ ಕಾರ್ಲ್ ಆಲ್ಟ್ ಅಣ್ಣ ತಂಗಿಗೆ ಕರ್ತನ ಭೋಜನ ಕೊಟ್ಟರು. ಹಾನ್ಸ್ ಜೊತೆ ಅವರು ಓದಿದ್ದು ಯಾವ ಅಧ್ಯಾಯ ಗೊತ್ತಾ? ಇವತ್ತು ನಾವು ತೆರೆದ ಇದೇ 1 ಕೊರಿಂಥ 13! ತಂದೆತಾಯಿ ಕೊನೆಯ ಬಾರಿ ಬಂದಾಗ ತಾಯಿ ತಂದಿದ್ದ ಸಿಹಿಯನ್ನು ಸೋಫಿ ನಗುತ್ತಾ ತಿಂದಳು, ಮಧ್ಯಾಹ್ನ ಊಟ ಆಗಿರಲಿಲ್ಲ. ತಾಯಿ ಮಗಳಿಗೆ ಯೇಸುವನ್ನು ನೆನಪಿಸಿದಳು. ಮಗಳು ತಾಯಿಗೂ ಅದನ್ನೇ ತಿರುಗಿ ನೆನಪಿಸಿದಳು.

ಫ್ರಿಟ್ಸ್ ಎಲ್ಲಿದ್ದ? ಸ್ಟಾಲಿನ್‌ಗ್ರಾಡಿನ ಹಿಮದಲ್ಲಿ ಬೆರಳುಗಳು ಸೆಡೆತು, ಜನವರಿಯಲ್ಲಿ ಅಲ್ಲಿಂದ ಹೊರಟ ಕೊನೆಯ ವಿಮಾನಗಳಲ್ಲೊಂದರಲ್ಲಿ ಪಾರಾಗಿ ಲ್ವೀವ್ ನಗರದ ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿದ್ದ. ಅಲ್ಲಿಂದ ಸೋಫಿಗೆ ಪತ್ರ ಬರೆಯುತ್ತಲೇ ಇದ್ದ. ಅವಳ ತಾಯಿಯ ಪತ್ರ ಕೈಸೇರಿ, ಅವನು ಗಾಯದ ಕೈಯಲ್ಲೇ ಹೊರಟು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆದರೆ ಆ ಪ್ರೀತಿ ಕೊಟ್ಟ ಫಲ ನೋಡಿ. ಶೋಲ್ ಕುಟುಂಬವನ್ನು ಜೈಲಿಗೆ ಹಾಕಿದಾಗ, ಊರೇ ಮುಖ ತಿರುಗಿಸಿದಾಗ, ಈ ಸೇನಾಧಿಕಾರಿ ಅವರ ಪಕ್ಕ ನಿಂತು ಹಣಸಹಾಯ ಮಾಡಿದ. ಯುದ್ಧ ಮುಗಿದ ಮೇಲೆ, 1945ರಲ್ಲಿ, ಸೋಫಿಯ ಅಕ್ಕ ಎಲಿಜಬೆತ್‌ರನ್ನು ಮದುವೆಯಾದ. ಕಾನೂನು ಓದಿ ನ್ಯಾಯಾಧೀಶನಾದ, ಶಾಂತಿ ಚಳವಳಿಯಲ್ಲಿ ದುಡಿದ, 2001ರಲ್ಲಿ ತೀರಿಕೊಂಡ. ಸೋಫಿ ಅಂದು ಅವನ ಮನಸ್ಸು ನೋಯಬಾರದು ಅಂತ ಉಣ್ಣೆ ಕೊಟ್ಟು ಸುಮ್ಮನಿದ್ದಿದ್ದರೆ, ಅವನು ಅಂಥ ಮನುಷ್ಯ ಆಗ್ತಿದ್ದನಾ?

ಕೆಲವರಿಗೆ ಒಂದು ಪ್ರಶ್ನೆ ಇರುತ್ತೆ. ಬ್ರದರ್, ರೋಮಾ 13ರಲ್ಲಿ ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ಪೌಲ ಹೇಳಲಿಲ್ವಾ? ಹೌದು, ಹೇಳಿದ್ದಾನೆ. ತೆರಿಗೆ ಕಟ್ಟಿ, ಕಾನೂನು ಪಾಲಿಸಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಿ. ಆದರೆ ಅಪೊಸ್ತಲರ ಕೃತ್ಯಗಳು 5ರಲ್ಲಿ ಪೇತ್ರ ಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರ ಮಾತು ಮೊದಲು ಅಂದವನು. ನೆರೆಯವನನ್ನು ಕೊಲ್ಲೋಕೆ ಸಹಾಯ ಮಾಡು ಅಂತ ರಾಜ ಹೇಳಿದರೆ ಆಮೆನ್ ಅನ್ನೋದು ವಿಧೇಯತೆ ಅಲ್ಲ.

ಇದು ಬರೀ ಯುರೋಪಿನ ಕಥೆ ಅಂತ ಪಕ್ಕಕ್ಕಿಡಬೇಡಿ. ಸೋಫಿ ಸತ್ತ 38ನೇ ದಿನ, 1943ರ ಏಪ್ರಿಲ್ 1ರಂದು, ನಮ್ಮ ಘಟ್ಟದ ಮೇಲಿನ ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಮೈಲಾರ ಮಹಾದೇವಪ್ಪ ಬಿದ್ದರು. ಗಾಂಧೀಜಿಯ ದಂಡಿಯಾತ್ರೆಯಲ್ಲಿ ನಡೆದವರು ಅವರು. ಹೆಂಡತಿ ಸಿದ್ದಮ್ಮ ಕೂಡ ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರು. ಅವರ ದಾರಿ ಬೇರೆ, ಸೋಫಿಯ ದಾರಿ ಬೇರೆ. ಆದರೆ ಅನ್ಯಾಯದ ಮುಂದೆ ಪ್ರೀತಿಸಿದವರನ್ನು ಸುಮ್ಮನಿರಿಸದ ಪ್ರೀತಿ ನಮ್ಮ ನೆಲಕ್ಕೂ ಗೊತ್ತಿದೆ.

ನಮಗೆ ಇವತ್ತು ಗಿಲೋಟಿನ್ ಇಲ್ಲ, ದೇವರಿಗೆ ಸ್ತೋತ್ರ. ನಮ್ಮ ಮುಂದೆ ಬರೋದು ಸಣ್ಣ ಸಣ್ಣ ಉಣ್ಣೆಯ ಪ್ರಶ್ನೆಗಳು. ನೀನು ಮದುವೆಯಾಗಬೇಕು ಅಂದುಕೊಂಡಿರುವವನು ಆಫೀಸಿನಲ್ಲಿ ಸುಳ್ಳು ಬಿಲ್ ಹಾಕ್ತಾನೆ. ಗೊತ್ತಿದ್ದೂ ಸುಮ್ಮನಿರ್ತೀಯಾ? ನಿನಗೆ ಇಷ್ಟವಾದವಳು ಬೇರೆ ಜಾತಿಯವರ ಬಗ್ಗೆ, ಬೇರೆ ಧರ್ಮದವರ ಬಗ್ಗೆ ವಿಷದ ಮೆಸೇಜ್ ಫಾರ್ವರ್ಡ್ ಮಾಡ್ತಾಳೆ. ಸಂಬಂಧ ಕೆಡಬಾರದು ಅಂತ ಲೈಕ್ ಒತ್ತುತ್ತೀಯಾ? ಮಗನ ಮದುವೆಗೆ ಅಪ್ಪ ಅಮ್ಮ ವರದಕ್ಷಿಣೆ ಕೇಳ್ತಾರೆ. ಗೌರವ ಅನ್ನೋ ಹೆಸರಲ್ಲಿ ತಲೆ ತಗ್ಗಿಸ್ತೀಯಾ? ಬೈಯ್ಯೋಕೆ ನಾನು ಹೇಳ್ತಿಲ್ಲ. ಸೋಫಿ ಫ್ರಿಟ್ಸ್‌ನನ್ನು ಬೈಯ್ಯಲಿಲ್ಲ, ಬಿಟ್ಟೂ ಹೋಗಲಿಲ್ಲ. ಸತ್ಯ ಹೇಳಿದಳು, ಪತ್ರ ಬರೆಯುತ್ತಲೇ ಇದ್ದಳು, ಓದೋಕೆ ಪುಸ್ತಕ ಕೊಟ್ಟಳು, ಅವನಿಗಾಗಿ ಕಾದಳು.

ಈ ವಾರ ಒಂದೇ ಕೆಲಸ ಮಾಡಿ. ನೀವು ಪ್ರೀತಿಸುವ ಒಬ್ಬರಿಗೆ ಹೇಳದೆ ಬಚ್ಚಿಟ್ಟ ಒಂದು ಸತ್ಯ ಇದ್ದರೆ, ಮೊದಲು ಮೊಣಕಾಲೂರಿ ಪ್ರಾರ್ಥಿಸಿ, ಆಮೇಲೆ ಮೃದುವಾಗಿ ಹೇಳಿ. ಉತ್ತರ ಏನೇ ಬರಲಿ, ಅದನ್ನು ದೇವರ ಕೈಗೆ ಬಿಡಿ.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಪರಲೋಕದ ತಂದೆಯೇ, ನಮ್ಮ ಯೌವನಸ್ಥರ ಪ್ರೀತಿಯನ್ನು ಶುದ್ಧಮಾಡು. ಭಯವನ್ನು ಪ್ರೀತಿ ಅಂತ ಕರೆಯದ ಹಾಗೆ ನಮ್ಮನ್ನು ಕಾಪಾಡು. ಸತ್ಯ ಹೇಳುವ ಬಾಯಿ ಕೊಡು, ಹೇಳಿದ ಮೇಲೂ ಜೊತೆಗಿರುವ ಹೃದಯ ಕೊಡು, ಪವಿತ್ರಾತ್ಮನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.